ಟೇಲರ್ ಮಾವನ ಕಣ್ಣಳತೆ

ಅಂಗಡಿ ಮುಚ್ಚಿ ಒಂಬತ್ತು ವರ್ಷವಾದರೂ ಟೇಲರ್ ಮಾವ ಬೆಳಿಗ್ಗೆ ಮುಖ ತೊಳೆದು, ಅಳತೆಯ ಟೇಪನ್ನು ಕೊರಳಿಗೆ ಹಾಕಿಕೊಳ್ಳದೆ ಹೊರಗೆ ಕಾಲಿಟ್ಟವರಲ್ಲ. ಎಲೆ ಉದುರುವ ದಿನಗಳು ಬಂದವೆಂದರೆ ಪೊರಕೆ ಹಿಡಿದು ಗೇಟಿನ ಮುಂದೆ ನಿಲ್ಲುವರು. ಗುಡಿಸುವುದು ನೆಪ, ದಾರಿಯಲ್ಲಿ ಹೋಗುವವರ ಮೈಯನ್ನು ಕಣ್ಣಲ್ಲೇ ಅಳೆಯುವುದು ಹವ್ಯಾಸ. "ಏನು ಮಾವ, ಇವತ್ತು ನನ್ನ ಸೊಂಟ ಎಷ್ಟು?" ಎಂದು ಇಸ್ತ್ರಿ ಅಂಗಡಿಯವನು ಕೆಣಕಿದರೆ, "ನಿನ್ನೆಗಿಂತ ಕಾಲಿಂಚು ಜಾಸ್ತಿ. ಆ ಹೊಟ್ಟೆ ಮೇಲೂ ಒಂದ್ಸಲ ಇಸ್ತ್ರಿ ಎಳ್ಕೊ" ಎನ್ನುವರು. ಗೋಡೆಯಾಚೆ ಇರುವವರ ಅಳತೆಯನ್ನು ಕೆಮ್ಮು ಕೇಳಿಯೇ ಹೇಳುತ್ತಾರೆಂದು ಬೀದಿಯೆಲ್ಲ ನಗುತ್ತಿತ್ತು. ಹೋದ ವರ್ಷ ಮೂಲೆಮನೆಯ ಮೇಷ್ಟರನ್ನು ನೋಡಿ, "ಭುಜ ಒಂದಿಂಚು ಇಳಿದಿದೆಯಲ್ಲ" ಎಂದರು. ಹದಿನೈದು ದಿನಕ್ಕೆ ಮೇಷ್ಟರು ತೀರಿಕೊಂಡರು. ಆಮೇಲೆ ಅಂಚೆಯವನ ತಾಯಿಯ ವಿಷಯದಲ್ಲೂ ಹಾಗೇ ಆಯಿತು. ಈಗ ಜನ ಆ ಗೇಟು ಬಂದರೆ ಭುಜ ಸೆಟೆಸಿಕೊಂಡು ಬಿರಬಿರನೆ ನಡೆಯುತ್ತಾರೆ. ಮಾವನೂ ತಲೆಯೆತ್ತದೆ ಎಲೆ ಗುಡಿಸುತ್ತಾರೆ. ದೇವರು ಕೊಟ್ಟ ಕಣ್ಣನ್ನು ಮುಚ್ಚಿಕೊಳ್ಳುವುದಾದರೂ ಹೇಗೆ? ಮೊನ್ನೆ ಪಕ್ಕದ ಮನೆಯ ಸೊಸೆ ಬೇಲಿಯಾಚೆಯಿಂದ ನೋಡಿದಳು: ಮಾವ ಕಿಟಕಿಯ ಗಾಜಿನೆದುರು ನಿಂತು ತಮ್ಮದೇ ಭುಜಕ್ಕೆ ಟೇಪು ಹಿಡಿದಿದ್ದರು. ಮೂರು ಸಲ ಹಿಡಿದು ನೋಡಿದರು. ಅವರೇ ಹೊಲಿದುಕೊಂಡ ಕೋಟು ಹೆಗಲಿಂದ ಜಾರುತ್ತಿತ್ತು. "ಕೊಡಿ ಮಾವ, ಎರಡು ಹೊಲಿಗೆ ಹಾಕಿ ಬಿಗಿ ಮಾಡಿಕೊಡ್ತೀನಿ" ಎಂದಳು. ಮಾವ ಟೇಪನ್ನು ನಿಧಾನವಾಗಿ ಸುತ್ತಿ ಜೇಬಿಗೆ ಹಾಕಿದರು. "ಬೇಡಮ್ಮ. ಈಗ ಹೊಲಿದ್ರೂ ಮುಂದಿನ ವಾರ ನನ್ನ ಮೈಮೇಲಿಂದ ನೀವೇ ಬಿಚ್ಚಬೇಕಾಗುತ್ತೆ."