ಮನಶ್ಶಾಸ್ತ್ರದ ಬೋರ್ಡು ಮತ್ತು ಹಿತ್ತಲ ಬಾಗಿಲು

ನಾನು ಮನಶ್ಶಾಸ್ತ್ರದಲ್ಲಿ ಎಂ.ಎ. ಮಾಡಿದ್ದು ಮನುಷ್ಯರ ಮನಸ್ಸಿನ ಮೇಲಿನ ಪ್ರೀತಿಯಿಂದಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಇಂಗ್ಲಿಷಿಗೆ ನನ್ನ ಅಂಕ ಸಾಲಲಿಲ್ಲ, ಅರ್ಥಶಾಸ್ತ್ರಕ್ಕೆ ನನ್ನ ಧೈರ್ಯ ಸಾಲಲಿಲ್ಲ. ಪ್ರವೇಶದ ಅರ್ಜಿ ಹಿಡಿದು ನಿಂತಾಗ ಮನಶ್ಶಾಸ್ತ್ರದ ಕಿಟಕಿಯ ಮುಂದೆ ಜನ ಕಡಿಮೆ ಇದ್ದರು. ಆ ಕಡೆ ಸರಿದು ನಿಂತೆ. ತೊಂಬತ್ತರ ದಶಕದಲ್ಲಿ ನಮ್ಮ ಬೈಲಹೊಂಗಲದ ಹುಡುಗರು ಜೀವನದ ದೊಡ್ಡ ನಿರ್ಧಾರಗಳನ್ನು ಹೆಚ್ಚುಕಡಿಮೆ ಹೀಗೆಯೇ ಮಾಡುತ್ತಿದ್ದರು.

ಎರಡು ವರ್ಷ ಏನು ಕಲಿತೆ ಎಂದು ನೀವು ಕೇಳುವುದು ನ್ಯಾಯವೇ. ಕನ್ನಡಿಯಲ್ಲಿ ನೋಡುತ್ತ ನಕ್ಷತ್ರದ ಗೆರೆಯ ಮೇಲೆ ಪೆನ್ಸಿಲ್ ಎಳೆಯುವುದನ್ನು ಕಲಿತೆ. ಗಂಟೆ ಬಾರಿಸಿದರೆ ಜೊಲ್ಲು ಸುರಿಸುವ ನಾಯಿಯ ವಿಷಯವನ್ನು ಎಷ್ಟು ಸಲ ಬರೆದೆನೆಂದರೆ, ಹಾಸ್ಟೆಲಿನ ಊಟದ ಗಂಟೆಗೆ ನನ್ನ ಬಾಯಲ್ಲೂ ನೀರೂರುವುದು ಶಾಸ್ತ್ರೀಯವಾಗಿ ಸಾಬೀತಾಯಿತು. ಜ್ಞಾಪಕಶಕ್ತಿ ಅಳೆಯುವ ಪ್ರಯೋಗಗಳ ರೆಕಾರ್ಡನ್ನು ಮಾತ್ರ ನಾವು ಹಿಂದಿನ ವರ್ಷದವರದನ್ನು ನೋಡಿ ಬರೆಯುತ್ತಿದ್ದೆವು. ಅವರು ಅವರ ಹಿಂದಿನವರದನ್ನು ನೋಡಿ ಬರೆದಿದ್ದರು. ಹೀಗಾಗಿ ಯಾವನೋ ಒಬ್ಬ ಪುಣ್ಯಾತ್ಮನ ಜ್ಞಾಪಕಶಕ್ತಿಯೇ ನಮ್ಮೆಲ್ಲರ ಜ್ಞಾಪಕಶಕ್ತಿಯಾಗಿ ವರ್ಷಗಟ್ಟಲೆ ಉಳಿದಿತ್ತು. ಎದುರಿಗೆ ಕೂತ ಮನುಷ್ಯ ಅತ್ತರೆ ಏನು ಮಾಡಬೇಕೆಂಬುದು ಪುಸ್ತಕದ ಕೊನೆಯ ಅಧ್ಯಾಯದಲ್ಲಿತ್ತು. ಪರೀಕ್ಷೆಗೆ ಅದು ಬರುವುದಿಲ್ಲವೆಂದು ಬಿಟ್ಟಿದ್ದೆವು.

ಮೊದಲು ನೌಕರಿ ಹುಡುಕಿದೆ. ಕಿತ್ತೂರು ದಾಟಿದ ಮೇಲೆ ಬರುವ ಒಂದು ಊರಿನ ಕಾಲೇಜಿನಲ್ಲಿ ಸಂದರ್ಶನಕ್ಕೆ ಕರೆದಿದ್ದರು. ಪೇಟ ಸುತ್ತಿದ ಚೇರ್ಮನ್ನರು ನನ್ನ ಸರ್ಟಿಫಿಕೇಟನ್ನು ಮುಟ್ಟದೆಯೇ, ತಮ್ಮ ಮನಸ್ಸಿನಲ್ಲಿ ಈಗ ಏನಿದೆ ಹೇಳಿ ನೋಡೋಣ ಎಂದರು. ಈ ಹುದ್ದೆ ನಿಮ್ಮ ಪೈಕಿಯವರಿಗೆ ಯಾರಿಗೋ ಆಗಲೇ ಆಗಿಹೋಗಿದೆ ಎಂದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು, ಚಹಾ ತರಿಸಿ ಕುಡಿಸಿದರು. ಹುದ್ದೆ ಅವರ ಅಳಿಯನಿಗೆ ಹೋಯಿತು.

ಅಪ್ಪ ಒಂದು ವರ್ಷದ ಗಡುವು ಕೊಟ್ಟ. ಅಷ್ಟರಲ್ಲಿ ಈ ಮನಸ್ಸಿನ ವಿದ್ಯೆಯಿಂದ ಹೊಟ್ಟೆ ತುಂಬದಿದ್ದರೆ ಮರುಮಾತಿಲ್ಲದೆ ಅವನ ಹತ್ತಿ ವ್ಯಾಪಾರಕ್ಕೆ ಬಂದು ಕೂರಬೇಕು. ಹತ್ತಿಯ ದೂಳಿಗೆ ನನಗೆ ಸೀನು ನಿಲ್ಲುವುದಿಲ್ಲ. ಬೇರೆ ದಾರಿ ಕಾಣದೆ ಪೇಟೆ ರಸ್ತೆಯಲ್ಲಿ ಬೆಲ್ಲದ ವ್ಯಾಪಾರಿ ಶಿವಬಸಪ್ಪನವರ ಮನೆಯ ಮುಂದಿನ ಕೋಣೆಯನ್ನು ಬಾಡಿಗೆಗೆ ಹಿಡಿದು, ‘ಮಾನಸಿಕ ಸಲಹಾ ಕೇಂದ್ರ’ ಎಂದು ಬೋರ್ಡು ಬರೆಸಿದೆ. ಬರೆದವನು ಪೇಂಟರ್ ದಸ್ತಗೀರ. ಇಲ್ಲಿ ಗುಳಿಗೆ ಕೊಡುತ್ತೀರೋ ಸೂಜಿ ಚುಚ್ಚುತ್ತೀರೋ ಎಂದು ವಿಚಾರಿಸಿದ. ಎರಡೂ ಇಲ್ಲ, ಬರೀ ಮಾತು ಎಂದೆ. ಅವನು ಕುಂಚವನ್ನು ಡಬ್ಬಿಯಲ್ಲಿ ಅದ್ದಿ, “ಮಾತಿಗೆ ನಮ್ಮ ಊರಾಗ ಯಾರ್ರಿ ರೊಕ್ಕಾ ಕೊಡ್ತಾರ?” ಎಂದ. ನನ್ನ ಎರಡು ವರ್ಷದ ಕಲಿಕೆಯಲ್ಲಿ ಇಷ್ಟು ಮೂಲಭೂತವಾದ ಪ್ರಶ್ನೆಯನ್ನು ಯಾರೂ ಎತ್ತಿರಲಿಲ್ಲ.

ಮೂರು ತಿಂಗಳು ಒಂದು ನರಪಿಳ್ಳೆಯೂ ಒಳಗೆ ಬರಲಿಲ್ಲ. ಸವದತ್ತಿಯ ಬಸ್ಸು ನನ್ನ ಕೋಣೆಯ ಮುಂದೆಯೇ ನಿಲ್ಲುತ್ತಿತ್ತು. ತಮ್ಮ ಕಷ್ಟಗಳನ್ನೆಲ್ಲ ಗುಡ್ಡದ ತಾಯಿಗೆ ಹೇಳಿಕೊಳ್ಳಲು ಹೊರಟ ಜನ ನನ್ನ ಬೋರ್ಡಿನ ನೆರಳಲ್ಲಿ ನಿಂತು, ಬಸ್ಸು ಬಂದ ಕೂಡಲೇ ಹತ್ತಿ ಹೋಗುತ್ತಿದ್ದರು. ಆ ಬೋರ್ಡಿನ ಕೆಳಗಿನ ಬಾಗಿಲು ದಾಟಿದವನನ್ನು ಊರು ಹುಚ್ಚನೆಂದೇ ಲೆಕ್ಕ ಹಿಡಿಯುತ್ತದೆ ಎಂಬುದು ನನ್ನನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು.

ಆಮೇಲೆ ಜನ ಬರತೊಡಗಿದರು, ಆದರೆ ಹಿತ್ತಲ ಬಾಗಿಲಿನಿಂದ. ಹೆಂಗಸರು ಸೆರಗಿನೊಳಗೆ ಬಟ್ಟಲು ಹಿಡಿದು ಶಿವಬಸಪ್ಪನವರ ಅಡುಗೆಮನೆಗೆ ಹಾಲಿಗೆ ಹೆಪ್ಪು ಕೇಳಲು ಬಂದವರಂತೆ ಬರುವರು. ಅಲ್ಲಿಂದ ನಡುಮನೆ ದಾಟಿ ನನ್ನ ಕೋಣೆಗೆ. ಬೈಲಹೊಂಗಲದಲ್ಲಿ ಆ ವರ್ಷ ನಮ್ಮ ಓಣಿಯಷ್ಟು ಮೊಸರು ಎಲ್ಲಿಯೂ ಹೆಪ್ಪುಗಟ್ಟಿರಲಿಕ್ಕಿಲ್ಲ. ಬಂದವರು ನನ್ನ ಎದುರು ಕೂತ ಕೂಡಲೇ ಅರ್ಧ ಹಗುರಾದಂತೆ ಕಾಣುತ್ತಿದ್ದರು. ಅದು ನನ್ನ ಆರು ಪುಟದ ಪ್ರಶ್ನಾವಳಿಯ ಮಹಿಮೆ ಎಂದು ನಾನು ಹಿಗ್ಗಿದ್ದೇ ಹಿಗ್ಗಿದ್ದು. ಸಂಪಗಾಂವದಿಂದ ನಮ್ಮ ಓಣಿಗೆ ಮದುವೆಯಾಗಿ ಬಂದ ಗೌರವ್ವ ಎಂಬಾಕೆಯ ಗಂಡ ಎರಡು ವರ್ಷದಿಂದ ಅವಳ ಜೊತೆ ಮಾತು ಬಿಟ್ಟಿದ್ದ. ನಿಮ್ಮ ದುಃಖಕ್ಕೆ ಒಂದರಿಂದ ಐದರೊಳಗೆ ಎಷ್ಟು ಅಂಕ ಕೊಡುತ್ತೀರಿ ಎಂದು ಕೇಳಿದೆ. ಆಕೆ ಹಾಳೆಯನ್ನು ತಿರುವಿ ಹಾಕಿ ನೋಡಿ, “ಇದನ್ನ ತುಂಬಿ ಕೊಟ್ರ ಅಂವ ಮಾತಾಡ್ತಾನೇನ್ರಿ?” ಎಂದಳು. ಅಂಕ ಕೊಡದೆಯೇ ಹೋದಳು. ಆದರೂ ಮುಂದಿನ ವಾರ ಮತ್ತೆ ಬಂದಳು. ನೋಡಿ, ನನ್ನ ವಿದ್ಯೆ ಹಿಡಿಯಿತು ಎಂದುಕೊಂಡೆ.

ಇಷ್ಟರಲ್ಲಿ ಶಿವಬಸಪ್ಪನವರ ಮಗಳು ನಿರ್ಮಲಾಗೆ ರಾಮದುರ್ಗದಿಂದ ಸಂಬಂಧ ಬಂತು. ಶಿವಬಸಪ್ಪನವರು ಬೋರ್ಡು ತೆಗೆಯಿರಿ ಎಂದರು. ನೋಡಲು ಬಂದವರು ಇದನ್ನು ಓದಿದರೆ ಮನೆಯಲ್ಲೇ ಯಾರಿಗೋ ತಲೆ ಕೆಟ್ಟಿದೆ ಎಂದುಕೊಳ್ಳುತ್ತಾರೆ. ನನಗೆ ರೇಗಿತು. ಸಮಾಜದ ಇಂಥ ಅಜ್ಞಾನಕ್ಕೆ ತಲೆಬಾಗುವುದು ತಪ್ಪು, ಸಮಾಜವೇ ಬದಲಾಗಬೇಕು ಎಂದು ಕಾಲು ಗಂಟೆ ಭಾಷಣ ಮಾಡಿದೆ. ಅವರು ಪೂರ್ತಿ ಕೇಳಿದರು.

“ಖರೇ ಐತ್ರಿ ಸಾಹೇಬರ. ಆದ್ರ ಆ ಸಮಾಜ ನಾಳೆ ಹತ್ತ ಗಂಟೇಕ ರಾಮದುರ್ಗದಿಂದ ಬರಾಕತ್ತೈತಿ. ಅಷ್ಟರಾಗ ಬೋರ್ಡ ಇಳಿಸಿಬಿಡ್ರಿ.”

ಇಳಿಸಿದೆ. ಸಂಬಂಧ ಕೂಡಿತು, ಮದುವೆಯಾಯಿತು, ಅಕ್ಷತೆಯ ಅರಿಶಿನ ಆರುವ ಮೊದಲೇ ಬೋರ್ಡು ಮತ್ತೆ ಏರಿತು. ಆದರೆ ಹಿತ್ತಲಿಂದ ಯಾರೂ ಬರಲಿಲ್ಲ. ವಾರ ಕಳೆಯಿತು, ತಿಂಗಳು ಕಳೆಯಿತು. ಒಂದು ದಿನ ಗೌರವ್ವ ಬಂದಳು. ಅಡುಗೆಮನೆಯಲ್ಲಿ ಹಣಿಕಿ ನೋಡಿ, “ನಿರ್ಮಲಾ ಇಲ್ಲೇನ್ರಿ?” ಎಂದು ಕೇಳಿದಳು. ಅವಳು ಗಂಡನ ಮನೆಗೆ ಹೋದಳು, ನಾನಿದ್ದೇನಲ್ಲ ಎಂದೆ.

“ನೀವು ಅದೀರಿ ಬಿಡ್ರಿ,” ಎಂದು ಗೌರವ್ವ ಬಟ್ಟಲನ್ನು ಸೆರಗಿನೊಳಗೆ ಸರಿಸಿಕೊಂಡು ಹೊರಟುಹೋದಳು.

ಶಿವಬಸಪ್ಪನವರ ಹೆಂಡತಿಯನ್ನು ಕೇಳಿದಾಗಲೇ ನನಗೆ ತಿಳಿದದ್ದು. ಬಂದವರನ್ನೆಲ್ಲ ನಿರ್ಮಲಾ ಅಡುಗೆಮನೆಯಲ್ಲಿ ಕೂರಿಸಿಕೊಂಡು ಮುಂದೆ ಒಂದು ಮೊರ ಶೇಂಗಾ ಇಡುತ್ತಿದ್ದಳಂತೆ. ಅವರು ಸುಲಿಯುತ್ತ ಹೇಳುವುದು, ಇವಳು ಸುಲಿಯುತ್ತ “ಹೂಂ, ಆಮ್ಯಾಲ?” ಎನ್ನುವುದು. ಸಲಹೆ ಇಲ್ಲ, ಅಂಕ ಇಲ್ಲ. ಎಲ್ಲ ಹೇಳಿ ಮುಗಿದ ಮೇಲೆ, ಪಾಪ ಆ ಸಾಹೇಬರೂ ಒಬ್ಬರೇ ಕೂತಿರುತ್ತಾರೆ, ಅವರನ್ನೂ ಒಂದು ಸಲ ಮಾತಾಡಿಸಿ ಹೋಗಿ ಎಂದು ನನ್ನ ಕೋಣೆಗೆ ಕಳಿಸುತ್ತಿದ್ದಳಂತೆ. ಇದನ್ನು ಕೇಳಿ ನಾಚಿಕೆಯಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಮೊದಲು ಬಂದದ್ದು ಹೊಟ್ಟೆಕಿಚ್ಚು, ನಾಚಿಕೆ ಬಂದದ್ದು ಬಹಳ ನಿಧಾನಕ್ಕೆ. ಒಟ್ಟಿನಲ್ಲಿ ನನ್ನ ಪ್ರಾಕ್ಟೀಸು ಮದುವೆಯಾಗಿ ರಾಮದುರ್ಗಕ್ಕೆ ಹೋಗಿತ್ತು. ಅಪ್ಪನ ಗಡುವೂ ಮುಗಿದಿತ್ತು. ಸೀನುತ್ತ ಹತ್ತಿ ತೂಗಿದೆ.

ನನ್ನನ್ನು ಉಳಿಸಿದ್ದು ಸರಕಾರದ ನಿಯಮ. ಎರಡು ಸಾವಿರದ ಇಸವಿ ದಾಟಿದ ಮೇಲೆ ನಮ್ಮ ಕಡೆ ಬಿ.ಎಡ್. ಕಾಲೇಜುಗಳೆದ್ದವು, ಕಿರಾಣಿ ಅಂಗಡಿಯ ಮೇಲೊಂದು, ಕಲ್ಯಾಣ ಮಂಟಪದ ಹಿಂದೊಂದು. ಪ್ರತಿಯೊಂದಕ್ಕೂ ಮನಶ್ಶಾಸ್ತ್ರದ ಎಂ.ಎ. ಒಬ್ಬ ಬೇಕೇ ಬೇಕು. ಜಂಬ ಬಿಟ್ಟು ಹೇಳುವುದಾದರೆ, ಎದುರಿಗೆ ಬಂದ ಒಬ್ಬರ ಮಾತನ್ನೂ ಕೇಳಿಸಿಕೊಳ್ಳಲು ಬಾರದ ನಾನು, ಮಾತು ಕೇಳಿಸಿಕೊಳ್ಳುವುದು ಹೇಗೆಂದು ವರ್ಷಕ್ಕೆ ನೂರು ಜನರಿಗೆ ಪಾಠ ಹೇಳತೊಡಗಿದೆ. ನನ್ನ ನೋಟ್ಸು ಸವದತ್ತಿಯ ಝೆರಾಕ್ಸ್ ಅಂಗಡಿಯಿಂದ ಹೊರಟು ತಾಲೂಕು ತಾಲೂಕುಗಳನ್ನು ಸುತ್ತಿತು. ಆಪ್ತ ಸಮಾಲೋಚನೆಗೆ ಏಳು ಲಕ್ಷಣಗಳು ಎಂದು ಅದರಲ್ಲಿ ಬರೆದಿದ್ದೆ. ಆರಿಗೇ ನಿಲ್ಲಿಸಬಹುದಿತ್ತು, ಪುಟ ಉಳಿದಿತ್ತು.

ಒಂದು ವರ್ಷ ರಾಮದುರ್ಗಕ್ಕೆ ಮೌಖಿಕ ಪರೀಕ್ಷೆ ನಡೆಸಲು ಹೋದೆ. ನಾಲ್ಕನೆಯ ಅಭ್ಯರ್ಥಿಯಾಗಿ ರೆಕಾರ್ಡನ್ನು ಎದೆಗವಚಿಕೊಂಡು ಬಂದು ಕೂತವಳು ನಿರ್ಮಲಾ. ಎರಡು ಮಕ್ಕಳಾದ ಮೇಲೆ ಮಾಸ್ತರ್ತಿ ಆಗುವ ಆಸೆ ಹುಟ್ಟಿತ್ತಂತೆ. ಸುಲಭವಾಗಲಿ ಎಂದು ಆಪ್ತ ಸಮಾಲೋಚನೆ ಎಂದರೇನು ಎಂದು ಕೇಳಿದೆ. ಅವಳು ಕಣ್ಣು ಮುಚ್ಚಿ, ನನ್ನದೇ ನೋಟ್ಸನ್ನು ಉಸಿರು ಬಿಡದೆ ಒಪ್ಪಿಸತೊಡಗಿದಳು. ವ್ಯಾಖ್ಯೆ ಆಯಿತು, ಒಂದನೆಯ ಲಕ್ಷಣ, ಎರಡನೆಯದು. ನನಗೆ ತಡೆಯಲಾಗಲಿಲ್ಲ. ನಿನ್ನ ಹತ್ತಿರ ಹೆಂಗಸರು ಈಗಲೂ ಬರುತ್ತಾರೆಯೇ ಎಂದು ನಡುವೆಯೇ ಕೇಳಿದೆ.

“ಓಣ್ಯಾಗಿನವರು ದಿನಾ ಬರತಿದ್ರರಿ ಸರ. ಆದ್ರ ಇದನ್ನ ಬಾಯಿಪಾಠ ಮಾಡೋದಿತ್ತಲ್ರಿ, ಅದಕ್ಕ ಪರೀಕ್ಷಾ ಮುಗಿಯೂತನಕ ಯಾರೂ ಬರಬ್ಯಾಡ್ರಿ ಅಂತ ಹೇಳಿ ಕದಾ ಹಾಕ್ಕೊಂಡೇನ್ರಿ.”

ಪೂರ್ತಿ ಅಂಕ ಹಾಕಿ, ಆಯಿತು, ಹೊರಡು ಎಂದೆ. ಅವಳು ಗಾಬರಿಯಾಗಿ, “ಇನ್ನೂ ಐದು ಲಕ್ಷಣ ಉಳದಾವ್ರಿ ಸರ,” ಎಂದಳು.

“ಅವನ್ನ ನಾ ಹೇಳ್ಕೋತೇನಿ ಬಿಡವಾ. ನೀ ಮೊದಲ ಮನಿಗೆ ಹೋಗಿ ಕದಾ ತಗಿ,” ಎಂದೆ. ಈ ವೃತ್ತಿಗೆ ಬಂದ ಮೇಲೆ ನಾನು ಕೊಟ್ಟ ಮೊದಲ ಸಲಹೆ ಅದೇ ಇರಬೇಕು.