ದೇವರ ಕೋಣೆಯ ಬ್ಯಾಟರಿಗಳು

ಶ್ರೀನಿವಾಸಪುರದ ಸುತ್ತಿನ ಮಾವಿನ ತೋಟಗಳಿಗೆ ಡ್ರೋನ್ ಹಾರಿಸಿ ಔಷಧಿ ಹೊಡೆಯುವುದು ನನ್ನ ಕೆಲಸ. ಹೂ ಬಿಡುವ ಕಾಲದಲ್ಲಿ ಗಾಳಿ ಏಳುವ ಮೊದಲೇ ತೋಟದಲ್ಲಿರಬೇಕು. ಮನೆಗೆ ಬರುವ ಹೊತ್ತಿಗೆ ಕತ್ತು, ಸೊಂಟ ಎಲ್ಲ ಸೋತು, ಮಾತಾಡುವುದಕ್ಕೂ ಬೇಜಾರು. ಆ ಸುಸ್ತಿನ ಮೇಲೆ ಅತ್ತೆ-ಸೊಸೆ ನಮ್ಮಿಬ್ಬರ ಬ್ಯಾಟರಿ ಜಗಳ.

ಹಾರಿ ಬಂದ ಬ್ಯಾಟರಿ ಬಿಸಿಯಾಗಿರುತ್ತದೆ, ಆರುವ ತನಕ ಚಾರ್ಜಿಗೆ ಹಾಕಬಾರದು. ಮುಂದೆ ಕೆಲಸವಿಲ್ಲದಿದ್ದರೆ ಪೂರ್ತಿ ತುಂಬಿಸಿಯೂ ಇಡಬಾರದು, ಪೂರ್ತಿ ಖಾಲಿಯೂ ಬಿಡಬಾರದು; ಅದರ ಮೈಮೇಲಿನ ನಾಲ್ಕು ದೀಪದಲ್ಲಿ ಎರಡು ಉರಿದರೆ ಸಾಕು. ಮನೆಯೊಳಗಂತೂ ಬೇಡವೇ ಬೇಡ. ಇಷ್ಟನ್ನು ಅತ್ತೆಗೆ ಹೇಳೀ ಹೇಳೀ ನನ್ನ ಬಾಯಿ ಸೋತಿತ್ತು. ಗೋರ್ಕಲ್ಲ ಮೇಲೆ ಮಳೆ ಸುರಿದಂತೆ.

ಅತ್ತೆಯ ಪದ್ಧತಿಯೇ ಬೇರೆ. ಸಂಜೆ ದೇವರಿಗೆ ದೀಪ ಹಚ್ಚುವಾಗ ಮನೆಯಲ್ಲಿ ಯಾವುದೂ ಬರಿದಾಗಿರಬಾರದು. ಕೊಡದ ತುಂಬ ನೀರು, ಡಬ್ಬದ ತುಂಬ ರಾಗಿ. ಅನ್ನ ಕೊಡುವ ವಸ್ತುವನ್ನು ಹೊರಗಿಡಬಾರದು. ಹಿತ್ತಲಿನ ಶೆಡ್ಡಿನಲ್ಲಿ ನಾನಿಟ್ಟ ಬ್ಯಾಟರಿಗಳು ನಾನು ಸ್ನಾನ ಮುಗಿಸುವಷ್ಟರಲ್ಲಿ ದೇವರ ಕೋಣೆಗೆ ಬಂದು, ಅರಿಶಿನ ಕುಂಕುಮ ಇಡಿಸಿಕೊಂಡು, ಚಾರ್ಜಿಗೆ ಕೂತಿರುತ್ತಿದ್ದವು. ಕಳ್ಳಕಾಕರು ಬಂದಾರೆಂದು ಅತ್ತೆ ಚಾಪೆ ಹಾಸಿ ಅಲ್ಲೇ ಮಲಗುತ್ತಿದ್ದರು.

"ಅತ್ತೇ, ಅದು ಬೆಂಕಿ ಕಣತ್ತೇ, ಒಳಗಿಡ್ಬೇಡಿ ಅಂದ್ರೆ ಕೇಳಲ್ವಲ್ಲ."

"ಒಲೆಯೊಳಗಿರೋದೇನು, ನೀರಾ? ನೀಕೇಮ್ ತೆಲುಸೇ? ನಿಂಗೇನೇ ಗೊತ್ತು? ಅರ್ಧ ತುಂಬಿ ಬಿಟ್ರೆ ಅರ್ಧ ಹೊಟ್ಟೆ ಊಟ." ಕೋಪ ಬಂದರೆ ಅವರಿಗೆ ತೆಲುಗೇ ಮೊದಲು ಬರುವುದು. ನಾನು ಊಟಕ್ಕೆ ತಟ್ಟೆ ಹಾಕಿಕೊಳ್ಳುತ್ತಿದ್ದೆ.

ಹೋದ ಹೂವಿನ ಕಾಲದಲ್ಲಿ ಅಕಾಲ ಮಳೆ ಹಿಡಿಯಿತು. ಕೆಲಸ ನಿಂತಿತು, ನಾನು ಜ್ವರ ಬಂದು ಮಲಗಿದೆ. ಅತ್ತೆ ಪಾಪ, ದಿನಾ ಸಂಜೆ ಬ್ಯಾಟರಿಗಳನ್ನು ಮತ್ತೆ ಮತ್ತೆ ಚಾರ್ಜಿಗೆ ಚುಚ್ಚುತ್ತಿದ್ದರಂತೆ. ಮಳೆ ಬಿಟ್ಟ ಬೆಳಿಗ್ಗೆ ದೇವರಿಗೆ ಹೂ ಇಡಲು ಹೋದವಳು ನೋಡಿದೆ: ಒಂದರ ಹೊಟ್ಟೆ ಕಡುಬಿನ ಹಾಗೆ ಉಬ್ಬಿತ್ತು. ಅದರ ಪಕ್ಕದಲ್ಲೇ ಅತ್ತೆಯ ದಿಂಬು. ಉಬ್ಬಿದ ಬ್ಯಾಟರಿ ಯಾವಾಗ ಬೇಕಾದರೂ ಹೊತ್ತಿಕೊಳ್ಳಬಹುದು.

ಅತ್ತೆಯನ್ನು ಹೊರಗೆ ಕಳಿಸಿ, ಅದನ್ನು ಮರಳು ತುಂಬಿದ ಬಾಂಡ್ಲಿಯಲ್ಲಿ ಮೆಲ್ಲಗೆ ಇಟ್ಟು ಹಿತ್ತಲಾಚೆಯ ಬಯಲಿಗೆ ಒಯ್ದೆ. ಇಳಿಸಿ ದೂರ ಸರಿದು ನಿಂತೆ. ಸ್ವಲ್ಪ ಹೊತ್ತಿಗೆ ಬುಸ್ಸೆಂದು ಹೊಗೆ ಎದ್ದಿತು, ಹಿಂದೆಯೇ ಬೆಂಕಿ. ಕೊಡ ಎತ್ತಿಕೊಂಡು ಅದರ ಹತ್ತಿರ ಓಡಲು ಹೊರಟ ಅತ್ತೆಯ ರಟ್ಟೆ ಹಿಡಿದು ನಿಲ್ಲಿಸಿದೆ. ಕೋಪವೋ ಭಯವೋ, ನನಗೆ ಅಳು ಬಂತು.

"ನಿಮ್ಮ ತಲೆ ಪಕ್ಕ ಇತ್ತಲ್ಲತ್ತೇ," ಅಂದೆ. ಅವರು ಕೊಡ ಕೆಳಗಿಟ್ಟರು.

ಉಳಿದವನ್ನು ಅವತ್ತೇ ಅರ್ಧಕ್ಕಿಳಿಸಿ ಶೆಡ್ಡಿಗೆ ಸಾಗಿಸಿದೆ. ಅತ್ತೆ ತಡೆಯಲಿಲ್ಲ. ಅಬ್ಬಾ, ಒಂದು ಜಗಳ ಮುಗಿಯಿತು ಅಂದುಕೊಂಡೆ. ಸಂಜೆ ನೋಡಿದರೆ ಹಿಂದಿನ ಜಗಲಿಯ ಮೇಲೆ, ಶೆಡ್ಡು ಕಾಣುವ ಹಾಗೆ, ಅವರ ಚಾಪೆ.

"ಇನ್ನೂ ಕಳ್ಳರ ಭಯವಾ ನಿಮಗೆ?" ಸಿಡುಕಿದೆ.

"ಕಳ್ರು ಹಾಳಾಗೋಗ್ಲಿ," ಅಂದರು ಅತ್ತೆ, ದಿಂಬು ಕೊಡವುತ್ತಾ. "ಹೊಗೆ ಬಂದ್ರೆ ಯಾರಿಗಾದ್ರೂ ಗೊತ್ತಾಗ್ಬೇಕಲ್ಲ. ನೀನು ಬಿದ್ಕೊಂಡ್ರೆ ಎದ್ದೇಳೋಳಲ್ಲ. ಅಷ್ಟು ಸುಸ್ತಾಗಿ ಬರ್ತೀಯ."