ಹಿಂದಿನ ಸೀಟಿನ ಸಹಿ

ನನ್ನ ಫೋನಿನಲ್ಲಿ ಹವಾಮಾನ ನೋಡುವ ಕಡೆ ನಾಲ್ಕು ಊರುಗಳಿವೆ. ಸ್ಯಾನ್ ಡಿಯೇಗೊ, ಏಕೆಂದರೆ ನಾವಿರುವುದು ಇಲ್ಲಿ. ವುಡ್‌ಲ್ಯಾಂಡ್ ಹಿಲ್ಸ್, ಏಕೆಂದರೆ ಮಗಳಿರುವುದು ಅಲ್ಲಿ. ಮೈಸೂರು, ಏಕೆಂದರೆ ಅಲ್ಲಿ ಮಳೆ ಬಂದರೆ ನನಗೇನೂ ಆಗಬೇಕಾದ್ದಿಲ್ಲ, ಆದರೂ ತಿಳಿದುಕೊಳ್ಳದೆ ಇರಲಾಗುವುದಿಲ್ಲ. ನಾಲ್ಕನೆಯದು ರೋಂಡಾ, ದಕ್ಷಿಣ ಸ್ಪೇನಿನ ಬೆಟ್ಟದ ಮೇಲಿರುವ ಒಂದು ಊರು. ಅಲ್ಲಿ ನಮ್ಮವರು ಯಾರೂ ಇಲ್ಲ. ನಾನು ಆ ಊರನ್ನು ಕಂಡೂ ಇಲ್ಲ. ಇವತ್ತು ಬೆಳಿಗ್ಗೆ ಅಲ್ಲಿ ಹನ್ನೊಂದು ಡಿಗ್ರಿ, ತುಂತುರು ಮಳೆ. ಅಳಿಸಿಹಾಕೋಣವೆಂದು ಬೆರಳಿಟ್ಟೆ, ಮತ್ತೆ ತೆಗೆದೆ. ಎರಡು ವರ್ಷದಿಂದ ಹೀಗೇ ನಡೆದುಕೊಂಡು ಬಂದಿದೆ.

ಈ ರೋಂಡಾದ ಕತೆಯನ್ನು ನಾನು ಯಾರಿಗೂ ಪೂರ್ತಿ ಹೇಳಿಲ್ಲ. ಸ್ನೇಹಿತರು ಕೇಳಿದರೆ "ರಜೆ ಹೊಂದಲಿಲ್ಲ" ಎಂದು ತೇಲಿಸಿಬಿಡುತ್ತೇನೆ. ನಿಮ್ಮ ಹತ್ತಿರ ಮುಚ್ಚುಮರೆ ಏಕೆ? ಕೋವಿಡ್ ಕಾಲದಲ್ಲಿ ನಮ್ಮ ಸೊರೆಂಟೊ ವ್ಯಾಲಿಯ ಆಫೀಸು ಮನೆಯ ಊಟದ ಮೇಜಿಗೆ ಬಂದು ಕೂತಿತಲ್ಲ, ಆಗ ಹತ್ತಿದ ಹುಚ್ಚು ಇದು. ಮೀಟಿಂಗಿನಲ್ಲಿ ಯಾರೋ ಚಿಪ್ ಡಿಸೈನಿನ ಬಗ್ಗೆ ಗಂಟೆಗಟ್ಟಲೆ ಕೊರೆಯುತ್ತಿದ್ದರೆ ನಾನು ಮೈಕ್ ಮುಚ್ಚಿಕೊಂಡು, ಗಂಡ ಹೆಂಡತಿ ಒಂದೇ ಮೋಟರ್‌ಬೈಕಿನಲ್ಲಿ ಬೆಟ್ಟ ಹತ್ತುವ ವಿಡಿಯೊ ನೋಡುತ್ತಿದ್ದೆ. ನಿವೃತ್ತನಾದ ಮೇಲೆ ಎರಡು ದಿನದ ತರಬೇತಿಗೆ ಹೋಗಿ, ಮಗಳಿಗಿಂತ ಚಿಕ್ಕವರ ಜೊತೆ ಸಾಲಿನಲ್ಲಿ ನಿಂತು ಲೈಸೆನ್ಸ್ ತೆಗೆದುಕೊಂಡೆ. ಸೆಕೆಂಡ್ ಹ್ಯಾಂಡ್ ಬೈಕೂ ಗ್ಯಾರೇಜಿಗೆ ಬಂತು. ನನ್ನ ಹೆಂಡತಿ ವತ್ಸಲ ಬಯ್ಯುತ್ತಾಳೆ ಎಂದುಕೊಂಡಿದ್ದೆ. ಅವಳು ಅದರ ಸುತ್ತ ಒಂದು ಸುತ್ತು ಬಂದು, "ಹಿಂದಿನ ಸೀಟು ಇಷ್ಟೇನಾ?" ಎಂದು ಕೇಳಿದಳು. ಅಷ್ಟಕ್ಕೇ ನನ್ನ ಮನಸ್ಸು ಸ್ಪೇನ್ ತಲುಪಿಬಿಟ್ಟಿತು.

ವತ್ಸಲ ಇನ್ನೂ ಕೆಲಸ ಬಿಟ್ಟಿಲ್ಲ, ಔಷಧಗಳನ್ನು ಪರೀಕ್ಷಿಸುವ ಒಂದು ಲ್ಯಾಬ್ ನೋಡಿಕೊಳ್ಳುತ್ತಾಳೆ. ಥ್ಯಾಂಕ್ಸ್‌ಗಿವಿಂಗ್ ರಜೆಗೆ ಒಂದು ವಾರ ಸೇರಿಸಿದರೆ ಮಾತ್ರ ಹತ್ತು ದಿನ ಒಟ್ಟಿಗೆ ಸಿಗುತ್ತಿತ್ತು. ಹಾಗಾಗಿ ನವೆಂಬರ್ ಕೊನೆಗೆಂದು ನಿಗದಿಯಾಯಿತು. ಮಲಗಾದಲ್ಲಿ ಬೈಕು ಬಾಡಿಗೆಗೆ ಹಿಡಿದು, ರೋಂಡಾ ಹತ್ತಿ, ಸಮುದ್ರದ ಕಡೆ ಇಳಿದು ವಾಪಸ್. ಆಗ ಜನ ಕಮ್ಮಿ, ಬಿಸಿಲು ಹದವಾಗಿರುತ್ತದೆ ಎಂದು ನಾನು ಪುಸಲಾಯಿಸಿದೆ. ಅವಳು ನನಗಿಂತ ಹೆಚ್ಚು ಓದಿದಳು. ಸಂಜೆ ಆರಕ್ಕೆಲ್ಲ ಕತ್ತಲಾಗುತ್ತದೆ, ಬೆಟ್ಟದ ನೆರಳಿನಲ್ಲಿ ರಸ್ತೆ ಮಧ್ಯಾಹ್ನದವರೆಗೂ ಒದ್ದೆಯಾಗಿರುತ್ತದೆ, ಮೇಲೆ ಎಲೆ ಬಿದ್ದಿರುತ್ತದೆ. ಇದನ್ನೆಲ್ಲ ಬರೆದು ಫ್ರಿಜ್ಜಿಗೆ ಅಂಟಿಸಿದಳು.

ಅವಳು ಹಿಂದೆ ಕೂರುವುದರ ಬಗ್ಗೆ ಒಂದು ಮಾತು. ಮದುವೆಯಾದ ಹೊಸದರಲ್ಲಿ ಮೈಸೂರಿನಲ್ಲಿ ನನ್ನ ಹತ್ತಿರ ಸ್ಕೂಟರ್ ಇತ್ತು. ವತ್ಸಲ ಸೀರೆಯುಟ್ಟು ಎರಡೂ ಕಾಲು ಎಡಕ್ಕೆ ಇಳಿಬಿಟ್ಟು, ಒಂದು ಕೈಯಲ್ಲಿ ತರಕಾರಿ ಚೀಲ ಹಿಡಿದು, ಇನ್ನೊಂದನ್ನು ನನ್ನ ಭುಜದ ಮೇಲಿಟ್ಟು ಕೂರುತ್ತಿದ್ದಳು. ಐವತ್ತೆಂಟು ತುಂಬುವವರೆಗೆ ಅವಳು ಯಾವ ಗಾಡಿಯ ಮೇಲೂ ಎರಡು ಕಡೆ ಕಾಲು ಹಾಕಿ ಕೂತವಳಲ್ಲ. ಹತ್ತುವುದನ್ನು ಕಲಿಯಲಿಕ್ಕೇ ಎರಡು ಭಾನುವಾರ ಬೇಕಾಯಿತು. ಅದಕ್ಕಿಂತ ಕಷ್ಟವಾದದ್ದು ವಾಲುವುದು. ತಿರುವಿನಲ್ಲಿ ಓಡಿಸುವವನು ಯಾವ ಕಡೆ ವಾಲುತ್ತಾನೋ ಹಿಂದೆ ಕೂತವರೂ ಅದೇ ಕಡೆ ವಾಲಬೇಕು. ನಮ್ಮ ಸಂಸಾರದಲ್ಲಿ ನಾನು ಒಂದು ಕಡೆ ವಾಲಿದರೆ ಅವಳು ಇನ್ನೊಂದು ಕಡೆ ವಾಲಿ ಮನೆ ಬೀಳದ ಹಾಗೆ ನೋಡಿಕೊಂಡವಳು. ಆ ಅಭ್ಯಾಸ ಬಿಡಿಸುವುದು ಸುಲಭವಿರಲಿಲ್ಲ. ಆದರೂ ಕಲಿತಳು.

ಪ್ಲಾನ್ ಮಾಡುತ್ತಾ ನಾವು ಜಗಳವಾಡಿದ್ದೇ ಹೆಚ್ಚು. ಬೈಕಿನ ಎರಡು ಪಕ್ಕದ ಪೆಟ್ಟಿಗೆಗಳಲ್ಲಿ ಒಂದು ಅವಳದು, ಒಂದು ನನ್ನದು ಎಂದು ಒಪ್ಪಂದವಾಗಿತ್ತು. ಅವಳ ಪೆಟ್ಟಿಗೆಗೆ ಅವಲಕ್ಕಿ, ಚಟ್ನಿಪುಡಿ, ಪುಟ್ಟ ರೈಸ್ ಕುಕ್ಕರ್ ಹೋದ ಮೇಲೆ ಅವಳ ಬಟ್ಟೆ ನನ್ನ ಪೆಟ್ಟಿಗೆಗೆ ಬಂತು. ಅದನ್ನು ಸಹಿಸಿಕೊಂಡೆ. ಸಹಿಸಲಾಗದ್ದು ಇನ್ನೊಂದಿತ್ತು. ನಾನು ದಿನಕ್ಕೆ ನೂರೈವತ್ತು ಮೈಲಿ ಎಂದು ಬರೆದಿಟ್ಟರೆ ಅವಳು ಅದನ್ನು ಎಂಬತ್ತಕ್ಕೆ ಇಳಿಸಿ, ನಲವತ್ತು ನಿಮಿಷಕ್ಕೊಂದು ಕಡೆ ನಿಲ್ಲಿಸಬೇಕೆಂದು ಗುರುತು ಹಾಕುತ್ತಿದ್ದಳು.

"ಇದೇನು ಬಾಣಂತಿ ಕರ್ಕೊಂಡು ಹೋಗೋ ಟೂರಾ?" ಎಂದು ರೇಗಿದೆ.

"ನಂಗೆ ಸೊಂಟ ಹಿಡ್ಕೊಳ್ಳತ್ತೆ ರೀ," ಎಂದಳು. ನಾನು ಒಂದು ನಿಲುಗಡೆ ಅಳಿಸಿದರೆ ಮಾರನೆಯ ದಿನ ಎರಡು ಸೇರಿರುತ್ತಿದ್ದವು.

ಈಗ ನಾನು ಮುಚ್ಚಿಟ್ಟದ್ದಕ್ಕೆ ಬರುತ್ತೇನೆ. ಆ ವರ್ಷದ ಬೇಸಿಗೆಯಿಂದ ನನ್ನ ಎಡಗೈಯ ಬೆರಳುಗಳು ಜೋಮು ಹಿಡಿಯುತ್ತಿದ್ದವು. ಮೊದಲು ಕಿರುಬೆರಳು, ಆಮೇಲೆ ಅದರ ಪಕ್ಕದ್ದು. ಎಡಗೈ ಎಂದರೆ ಕ್ಲಚ್ ಹಿಡಿಯುವ ಕೈ. ಡಾಕ್ಟರ ಹತ್ತಿರ ಅಪಾಯಿಂಟ್‌ಮೆಂಟ್ ತೆಗೆದುಕೊಂಡು ನಾನೇ ಕ್ಯಾನ್ಸಲ್ ಮಾಡಿದೆ. ಅವರು ಬೈಕು ಬೇಡ ಎಂದರೆ ಏನು ಮಾಡುವುದು ಎಂಬುದೊಂದೇ ನನ್ನ ಚಿಂತೆ. ಗೆಳೆಯರಿಗೆಲ್ಲ ಸಾರಿಯಾಗಿತ್ತು. ಅರವತ್ತೆರಡರ ಗಂಡಸಿನ ಒಣ ಜಂಬ ಎಂಥದ್ದೆಂದು ಹೆಚ್ಚು ವಿವರಿಸುವುದಿಲ್ಲ.

ಅಕ್ಟೋಬರಿನಲ್ಲಿ ಒಂದು ಶನಿವಾರ ದೊಡ್ಡ ಅಭ್ಯಾಸವೆಂದು ಲಾಸ್ ಏಂಜಲೀಸ್ ಕಡೆ ಹೊರಟೆವು. ಫ್ರೀವೇನಲ್ಲಿ ಹಿಂದೆ ಕೂರುವುದಿಲ್ಲವೆಂದು ವತ್ಸಲ ಹಟ ಮಾಡಿದ್ದರಿಂದ ಬೈಕಿನಲ್ಲಿ ನಾನೊಬ್ಬನೇ, ನನ್ನ ಹಿಂದೆ ಕಾರಿನಲ್ಲಿ ಅವಳು. ಟ್ರಾಫಿಕ್ ಎಂಬುದು ಇಂಚು ಇಂಚಾಗಿ ಸರಿಯುತ್ತಿತ್ತು. ಪ್ರತಿ ಸಲ ನಿಂತಾಗಲೂ ಕ್ಲಚ್, ಹೊರಟಾಗಲೂ ಕ್ಲಚ್. ಗಾಡಿ ನಿಂತಲ್ಲೆಲ್ಲ ಎಡಗೈ ಕೊಡವಿಕೊಳ್ಳುತ್ತಾ ಹೇಗೋ ವುಡ್‌ಲ್ಯಾಂಡ್ ಹಿಲ್ಸ್ ಮುಟ್ಟಿದೆ. ಮಗಳು ಮೇಘನಾ ಬಾಗಿಲಲ್ಲೇ, "ಡ್ಯಾಡ್, ಆರ್ ಯು ಓಕೆ?" ಎಂದಳು. "ಫಸ್ಟ್ ಕ್ಲಾಸ್!" ಎಂದೆ.

ಮಾರನೆಯ ಬೆಳಿಗ್ಗೆ ವತ್ಸಲಳನ್ನು ಹಿಂದೆ ಕೂರಿಸಿಕೊಂಡು ಕ್ಯಾಲಬಾಸಸ್ ದೇವಸ್ಥಾನಕ್ಕೆ ಹೋದೆ. ಮಂಗಳಾರತಿ ಮುಗಿಯಿತು, ಪುಳಿಯೋಗರೆಯೂ ಆಯಿತು. ಅಲ್ಲಿಂದ ಸಮುದ್ರದ ಕಡೆಗೆ ಇಳಿಯುವ ಕಣಿವೆ ರಸ್ತೆ ತಿರುವುಗಳಿಗೆ ಹೆಸರಾದದ್ದು. ರೋಂಡಾ ರಸ್ತೆಯ ಮಾದರಿ ತೋರಿಸುತ್ತೇನೆಂದು ನಾನೇ ಆ ಕಡೆ ತಿರುಗಿಸಿದೆ. ನಮ್ಮಿಬ್ಬರ ಹೆಲ್ಮೆಟ್ಟಿನಲ್ಲೂ ಮಾತಾಡುವ ಯಂತ್ರವಿತ್ತು. ಬೆಟ್ಟ, ಪೊದೆ, ಮನೆಗಳು ಎಂದು ಅವಳ ಧ್ವನಿ ನನ್ನ ಕಿವಿಯಲ್ಲಿ ಹರಟುತ್ತಲೇ ಇತ್ತು.

ಇಳಿಜಾರಿನಲ್ಲಿ ಬಲಕ್ಕೊಂದು ಬಿಗಿ ತಿರುವು ಬಂತು. ಗೇರ್ ಇಳಿಸಲು ಕ್ಲಚ್ ಹಿಡಿಯಹೋದೆ. ಕೈ ಮುಚ್ಚಲಿಲ್ಲ. ಬೆರಳುಗಳು ಲಿವರ್ ಮೇಲಿವೆ, ಕಣ್ಣಿಗೆ ಕಾಣುತ್ತಿವೆ, ಆದರೆ ನನ್ನ ಮಾತು ಕೇಳುತ್ತಿಲ್ಲ. ಬ್ರೇಕ್ ಒತ್ತುವ ಹೊತ್ತಿಗೆ ತಡವಾಗಿತ್ತು. ಬೈಕು ಅಗಲಕ್ಕೆ ಹೋಗಿ, ರಸ್ತೆ ನಡುವಿನ ಹಳದಿ ಗೆರೆ ದಾಟಿ, ಎದುರು ಬರುವವರ ದಾರಿಗೆ ನುಗ್ಗಿತು. ಹಿಂದೆ ಕೂತ ವತ್ಸಲ ನನ್ನ ಜೊತೆ ಸರಿಯಾಗಿ ಬಲಕ್ಕೇ ವಾಲಿದ್ದಳು, ಕಲಿಸಿದ್ದನ್ನು ಒಂದಿಷ್ಟೂ ತಪ್ಪದೆ. ಕಿವಿಯಲ್ಲಿ ಅವಳ ಮಾತು ನಿಂತಿತು. ಉಸಿರೂ ನಿಂತಿತು. ಎದುರಿನಿಂದ ಯಾರೂ ಬರಲಿಲ್ಲ, ಅಷ್ಟೇ. ನಾವು ಉಳಿದುಕೊಂಡದ್ದರಲ್ಲಿ ನನ್ನ ಜಾಣತನವೇನೂ ಇರಲಿಲ್ಲ. ನಮ್ಮ ಕಡೆಗೆ ಮರಳಿದ ಹತ್ತು ಸೆಕೆಂಡಿನ ಮೇಲೆ ಒಂದು ಕಪ್ಪು ಕಾರು ಎದುರಿಗೆ ಹಾದುಹೋಯಿತು.

"ಜಲ್ಲಿ ಇತ್ತು, ಜಾರ್ತು," ಎಂದೆ.

ಕಿವಿಯಲ್ಲಿ "ಹೂಂ," ಎಂದು ಕೇಳಿಸಿತು.

ಆಮೇಲಿನ ಹದಿನೈದು ದಿನ ಅವಳು ಆ ತಿರುವಿನ ವಿಷಯ ಎತ್ತಲೇ ಇಲ್ಲ. ಸ್ಪೇನಿನ ಪ್ಲಾನ್ ಮಾತ್ರ ಮುಂದುವರಿಯಿತು. ಹೋಟೆಲುಗಳಿಗೆ ಮೇಲ್ ಬರೆದಳು, ಮೊಟ್ಟೆಯನ್ನೂ ತಿನ್ನದವರಿಗೆ ಏನು ಕೊಡುತ್ತೀರೆಂದು ವಿಚಾರಿಸಿದಳು, ಎಲ್ಲದಕ್ಕೂ ನನ್ನ ಒಪ್ಪಿಗೆ ಕೇಳಿದಳು. ಪ್ರತಿ ಸಲವೂ ಉತ್ತರಕ್ಕೆ ಬೇಕಾದ್ದಕ್ಕಿಂತ ಒಂದು ಗಳಿಗೆ ಹೆಚ್ಚು ನನ್ನ ಮುಖ ನೋಡುತ್ತಿದ್ದಳು. ನಾನು ನಕ್ಷೆ ನೋಡುತ್ತಿದ್ದೆ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದುಕೊಂಡು ಬೆಳಿಗ್ಗೆ ಏಳುತ್ತಿದ್ದೆ. ಬಾಯಿ ತೆರೆದರೆ ಬರುತ್ತಿದ್ದುದು ಟೈರಿನ ವಿಷಯ.

ಆಗ ಬಾಡಿಗೆಯವರ ಫಾರಂ ಬಂತು. ಓಡಿಸುವವರು, ತಮಗೆ ಗಾಡಿಯ ಹತೋಟಿಗೆ ಅಡ್ಡಿಯಾಗುವ ಯಾವ ತೊಂದರೆಯೂ ಇಲ್ಲವೆಂದು ಸಹಿ ಹಾಕಬೇಕು. ಹಿಂದೆ ಕೂರುವವರು, ಓಡಿಸುವವರ ಮೇಲೆ ನಂಬಿಕೆಯಿಟ್ಟು ಸ್ವಂತ ಇಚ್ಛೆಯಿಂದ ಕೂರುತ್ತಿದ್ದೇವೆಂದು ಹಾಕಬೇಕು. ಭಾನುವಾರ ಬೆಳಿಗ್ಗೆ ವತ್ಸಲ ಅದನ್ನು ಪ್ರಿಂಟ್ ಮಾಡಿ ತಂದಳು. ಊಟದ ಮೇಜಿನ ಮೇಲೆ ಹರಡಿ, ಕನ್ನಡಕ ಹಾಕಿಕೊಂಡು ಪೂರ್ತಿ ಓದಿದಳು. ತನ್ನ ಜಾಗದಲ್ಲಿ ದುಂಡಗೆ ಸಹಿ ಮಾಡಿ, ಕಾಗದವನ್ನೂ ಪೆನ್ನನ್ನೂ ನನ್ನ ಕಡೆ ತಳ್ಳಿದಳು.

"ನಂದಾಯ್ತು. ಈಗ ನಿಮ್ದು."

ಪೆನ್ನು ತೆಗೆದುಕೊಂಡೆ. ಬರೆಯುವ ಬಲಗೈಗೆ ಏನೂ ಆಗಿರಲಿಲ್ಲ, ಸಹಿ ಹಾಕಬಹುದಿತ್ತು. ಪಕ್ಕದಲ್ಲಿ ಅವಳ ಹೆಸರಿನ ಶಾಯಿ ಇನ್ನೂ ಹಸಿಯಾಗಿತ್ತು. ಅದನ್ನು ನೋಡುತ್ತಾ ನನಗೆ ಎದುರಿಗೆ ಬಂದ ಆ ಕಪ್ಪು ಕಾರು ನೆನಪಾಯಿತು. ಪೆನ್ನು ಕೆಳಗಿಟ್ಟೆ.

"ವತ್ಸಲಾ, ಅವತ್ತು ಜಲ್ಲಿ ಇರ್ಲಿಲ್ಲ. ನನ್ನ ಕೈ ಹಿಡೀಲಿಲ್ಲ."

"ಗೊತ್ತು. ನಾನೂ ರಸ್ತೆ ನೋಡ್ತಾನೇ ಇದ್ದೆ," ಎಂದಳು. "ಅದಕ್ಕೆ ಮುಂಚೇನೂ ಗೊತ್ತಿತ್ತು. ಫ್ರೀವೇನಲ್ಲಿ ನೂರು ಸಲ ಕೈ ಕೊಡವಿದ್ರಿ, ಹಿಂದೆ ಕಾರಲ್ಲಿ ನಾನೇ ಇದ್ದಿದ್ದು. ಉಪ್ಪಿನಕಾಯಿ ಬಾಟ್ಲು ಮುಚ್ಚಳ ಜುಲೈಯಿಂದ ನಾನೇ ತೆಗೀತಿದೀನಿ. ನಂಗೆ ಎಂಥ ಸೊಂಟನೋವೂ ಇರ್ಲಿಲ್ಲ ರೀ."

ಆ ನಲವತ್ತು ನಿಮಿಷಕ್ಕೊಂದು ನಿಲುಗಡೆ ಯಾರಿಗಾಗಿ ಎಂಬುದು ಆಗ ನನ್ನ ಮಂದ ತಲೆಗೆ ಹೋಯಿತು.

"ಮತ್ತೆ ಯಾಕೆ ಸುಮ್ಮನಿದ್ದೆ?"

"ನೀವಾಗೇ ಹೇಳ್ತೀರಿ ಅಂತ. ಹದಿನೈದು ದಿನ ಕಾದೆ." ಅವಳು ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. "ಬಿದ್ದು ಸಾಯ್ತೀನಿ ಅಂತ ಹೆದರಿಕೆ ಆಗ್ಲಿಲ್ಲ ನಂಗೆ. ಇವ್ರು ನಂಗೆ ಹೇಳ್ದೇ ನನ್ನ ಕೂರಿಸ್ಕೊಂಡು ಹೋಗ್ತಾರಲ್ಲಾ ಅಂತ ಆಯ್ತು."

"ನಾನು ಸೈನ್ ಮಾಡಿಬಿಟ್ಟಿದ್ರೆ?"

ಅವಳು ಕಾಗದವನ್ನು ಮಡಿಸಿದಳು. "ಅದನ್ನ ಕೇಳ್ಬೇಡಿ," ಎಂದು ಎದ್ದುಹೋದಳು. ನಾನು ಇವತ್ತಿನವರೆಗೂ ಮತ್ತೆ ಕೇಳಿಲ್ಲ. ನಾಚಿಕೆ ಎಂಬುದನ್ನು ನಾನು ಸರಿಯಾಗಿ ತಿಳಿದದ್ದು ಆ ಬೆಳಿಗ್ಗೆಯೇ.

ಕುತ್ತಿಗೆಯ ಹತ್ತಿರ ನರ ಒತ್ತುತ್ತಿದೆ ಎಂದರು ಡಾಕ್ಟರು. ಆಪರೇಷನ್ ಆಯಿತು, ಬೈಕು ಮಾರಿ ಹೋಯಿತು. ಕೈ ಅರ್ಧಂಬರ್ಧ ವಾಪಸು ಬಂದಿದೆ. ಕೆಲವು ದಿನ ಬೆರಳುಗಳೆಲ್ಲ ನನ್ನವೇ, ಕೆಲವು ದಿನ ಒಂದೆರಡು ಯಾರದೋ. ಅಂದಿನಿಂದ ದಿನಾ ಬೆಳಿಗ್ಗೆ ಕಾಫಿ ಕುಡಿಯುವಾಗ ವತ್ಸಲ, "ಇವತ್ತು ಎಷ್ಟು?" ಎನ್ನುತ್ತಾಳೆ. ಮಾತು ಕೇಳುವ ಬೆರಳುಗಳ ಲೆಕ್ಕವನ್ನು ನಾನು ಒಪ್ಪಿಸುತ್ತೇನೆ.

ಈ ಸಲದ ರಜೆಗೆ ಅವಳು ಮತ್ತೆ ಸ್ಪೇನಿನ ಅದೇ ಬೆಟ್ಟದ ರಸ್ತೆಗಳನ್ನು ಹುಡುಕಿ ತೆಗೆದಿದ್ದಾಳೆ, ಆದರೆ ಕಾರಿನಲ್ಲಿ. ಇವತ್ತು ಬೆಳಿಗ್ಗೆ ಬಾಡಿಗೆ ಕಾರು ಬುಕ್ ಮಾಡುತ್ತಾ ಲ್ಯಾಪ್‌ಟಾಪ್‌ನಿಂದ ತಲೆಯೆತ್ತದೆ ಕೇಳಿದಳು, "ಎಷ್ಟು?"

"ಐದು," ಎಂದುಬಿಟ್ಟೆ. ಡ್ರೈವರ್ ಹೆಸರು ತುಂಬುವ ಖಾಲಿ ಜಾಗಗಳು ಪರದೆಯ ಮೇಲೆ ಕಾಣುತ್ತಿದ್ದವು, ಒಂದರ ಕೆಳಗೆ ಇನ್ನೊಂದು. ಅವಳು ತನ್ನ ಹೆಸರು ಬರೆದು, ಎರಡನೆಯದರಲ್ಲಿ ನನ್ನದನ್ನು ಶುರುಮಾಡಿದಳು.

"ಅಲ್ಲ, ಮೂರು," ಎಂದೆ.

ಅವಳ ಕೈ ನಿಂತಿತು. ಬರೆದ ಎರಡಕ್ಷರವನ್ನು ನಿಧಾನವಾಗಿ ಅಳಿಸಿದಳು. ನನಗೆ ನೋವಾಯಿತು, ಆಗಲಿಲ್ಲವೆಂದರೆ ಸುಳ್ಳಾಗುತ್ತದೆ. ಆಮೇಲೆ ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತೆ. ಅವಳು ಪರದೆಯನ್ನು ನನ್ನ ಕಡೆಗೂ ಸ್ವಲ್ಪ ತಿರುಗಿಸಿದಳು.